ಹನ್ನೆರಡನೇ ಬೆಡ್ಡಿನ ಹೆಸರಿಗೆ ಬಿದ್ದ ಇನ್ಸುಲಿನ್

ಆ ಮೇಲ್‌ನಲ್ಲಿ ಇದ್ದದ್ದು ನಾಲ್ಕೇ ಸಾಲು. ಆಸ್ಪತ್ರೆಯವರ ಪ್ರಶ್ನೆಗೆ ನಮ್ಮ ಟೀಮ್ ಲೀಡ್ ಬರೆದ ಉತ್ತರ: ‘ಲಾಗ್‌ಗಳನ್ನು ಪರಿಶೀಲಿಸಿದ್ದೇವೆ. ಸದರಿ ನರ್ಸ್ ಹನ್ನೆರಡನೇ ಬೆಡ್ಡಿನ ರೋಗಿಯನ್ನೇ ಆಯ್ಕೆ ಮಾಡಿ ದಾಖಲಿಸಿದ್ದಾರೆ. ತಂತ್ರಾಂಶದಲ್ಲಿ ದೋಷವಿಲ್ಲ. ಇದು ಬಳಕೆದಾರರ ತಪ್ಪು.’ ಮಾಹಿತಿಗಾಗಿ ನನಗೂ ಒಂದು ಪ್ರತಿ ಬಂದಿತ್ತು. ಓದಿದೆ, ಸರಿ ಅಂದುಕೊಂಡೆ, ಚಹಾ ಕುಡಿಯಲು ಕೆಳಗಿಳಿದು ಹೋದೆ. ಈ ಇಡೀ ಪ್ರಕರಣದಲ್ಲಿ ನನಗೆ ಬಹಳ ಜನರ ಮೇಲೆ ಸಿಟ್ಟು ಬಂದಿದೆ. ಆದರೆ ನೆನೆದಾಗಲೆಲ್ಲ ಮೊದಲು ಮೈ ಉರಿಯುವುದು ನಾನು ನೆಮ್ಮದಿಯಿಂದ ಕುಡಿದ ಆ ಚಹಾ ನೆನಪಾಗಿ.

ನಮ್ಮ ಆಫೀಸು ಕದ್ರಿಯ ಏರುರಸ್ತೆಯ ಒಂದು ಕಟ್ಟಡದ ಎರಡನೇ ಮಹಡಿಯಲ್ಲಿದೆ. ಹತ್ತು ಹನ್ನೆರಡು ಜನರ ಕಂಪನಿ. ಆಸ್ಪತ್ರೆಯ ವಾರ್ಡುಗಳಿಗಾಗಿ ಒಂದು ವೆಬ್ ಅಪ್ಲಿಕೇಶನ್ ಮಾಡಿದ್ದೇವೆ. ನರ್ಸ್‌ಗಳು ಟ್ಯಾಬ್ ಹಿಡಿದು ಬೆಡ್ಡಿನಿಂದ ಬೆಡ್ಡಿಗೆ ಹೋಗುತ್ತ, ಯಾರಿಗೆ ಯಾವ ಔಷಧ, ಎಷ್ಟು, ಯಾವಾಗ ಕೊಟ್ಟೆವು ಎಂದು ಅದರಲ್ಲೇ ದಾಖಲಿಸುತ್ತಾರೆ. ಅವರ ಕಣ್ಣಿಗೆ ಕಾಣುವ ಪರದೆ ನನ್ನ ಜವಾಬ್ದಾರಿ. ಎಡಗಡೆ ಬೆಡ್ಡುಗಳ ಪಟ್ಟಿ, ಮೇಲ್ಗಡೆ ಆಯ್ಕೆಯಾದ ರೋಗಿಯ ಹೆಸರು, ನಡುವೆ ಔಷಧದ ಚಾರ್ಟ್, ಕೆಳಗೆ ಡೋಸ್ ದಾಖಲಿಸುವ ಫಾರ್ಮ್. ಇವು ನಾಲ್ಕೂ ಬೇರೆಬೇರೆ ಕಾಂಪೊನೆಂಟುಗಳು. ಅಂದರೆ ಪ್ರತ್ಯೇಕವಾಗಿ ಬರೆದು ಆಮೇಲೆ ಒಟ್ಟಿಗೆ ಜೋಡಿಸಿದ ತುಂಡುಗಳು. ಟ್ಯಾಬ್ ಹಿಡಿದವರಿಗೆ ಆ ಜೋಡಣೆ ಕಾಣುವುದಿಲ್ಲ, ಕಾಣಲೂಬಾರದು. ‘ಈಗ ಯಾವ ರೋಗಿ?’ ಎಂದು ಕೇಳಿದರೆ ನಾಲ್ಕು ತುಂಡುಗಳೂ ಒಂದೇ ಹೆಸರು ಹೇಳಬೇಕು. ಹಾಗೆ ಪರದೆ ನೆನಪಿನಲ್ಲಿ ಇಟ್ಟುಕೊಂಡಿರುವ ಸಂಗತಿಗೆ ನಮ್ಮ ಕೆಲಸದಲ್ಲಿ ಸ್ಟೇಟ್ ಎನ್ನುತ್ತೇವೆ.

ಆಸ್ಪತ್ರೆಯಲ್ಲಿ ಆದದ್ದು ಹೀಗೆ. ಮಧ್ಯಾಹ್ನ ಊಟಕ್ಕೆ ಮೊದಲು ಹದಿನಾಲ್ಕನೇ ಬೆಡ್ಡಿನ ಹಿರಿಯರೊಬ್ಬರಿಗೆ ಇನ್ಸುಲಿನ್ ಕೊಟ್ಟಾಗಿತ್ತು. ದಾಖಲೆ ಮಾತ್ರ ಹನ್ನೆರಡನೇ ಬೆಡ್ಡಿನವರ ಹೆಸರಿಗೆ ಬಿದ್ದಿತ್ತು. ಪಾಳಿ ಬದಲಾಗಿ ಬಂದ ಇನ್ನೊಬ್ಬ ನರ್ಸ್, ಹದಿನಾಲ್ಕರ ಡೋಸ್ ಬಾಕಿ ಎಂದು ಪರದೆ ಮಿನುಗುವುದನ್ನು ನೋಡಿ ಮತ್ತೊಂದು ಇಂಜೆಕ್ಷನ್ ತಯಾರು ಮಾಡಿ ಹೋದರು. ಮಂಚದ ಪಕ್ಕ ಕೂತಿದ್ದ ಮಗಳು, “ಆಗ ಕೊಟ್ಟಾಯ್ತಲ್ಲ ಸಿಸ್ಟರ್” ಎಂದು ತಡೆಯದಿದ್ದರೆ ಅದೂ ಅವರ ಮೈಗೆ ಹೋಗುತ್ತಿತ್ತು. ಇತ್ತ ಹನ್ನೆರಡರವರಿಗೆ ಕೊಟ್ಟಾಗಿದೆ ಎಂದು ದಾಖಲೆ ಹೇಳುತ್ತಿದ್ದ ಕಾರಣ ಅವರಿಗೆ ಯಾರೂ ಕೊಡಲಿಲ್ಲ. ಸಂಜೆ ನೋಡುವಾಗ ಅವರ ಶುಗರ್ ವಿಪರೀತ ಏರಿತ್ತು. ದಾಖಲಿಸಿದ ನರ್ಸ್‌ಗೆ ಮೆಮೊ ಸಿಕ್ಕಿತು. ಇಪ್ಪತ್ತೆರಡು ವರ್ಷ ವಾರ್ಡಿನಲ್ಲಿ ಇದ್ದವರನ್ನು ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆ ಮಡಚುವ ಕೋಣೆಗೆ ಕಳಿಸಿದರು.

ಆ ನರ್ಸ್ ನನಗೆ ಫೋನ್ ಮಾಡಿದ್ದು ಎರಡು ದಿನ ಬಿಟ್ಟು. ಒಮ್ಮೆ ತರಬೇತಿ ಕೊಡಲು ಆ ವಾರ್ಡಿಗೆ ಹೋಗಿದ್ದಾಗ ನಂಬರ್ ಕೊಟ್ಟು ಬಂದಿದ್ದೆ.

“ಮೇಡಂ, ನಾನು ಹದಿನಾಲ್ಕು ಅಂತ ನೋಡಿಯೇ ಒತ್ತಿದ್ದು. ಮೇಲೆ ಅವರದ್ದೇ ಹೆಸರಿತ್ತು. ನನ್ನ ಕಣ್ಣಿಗೆ ಎಂತದೂ ಆಗ್ಲಿಲ್ಲ.”

ಲೀಡ್ ಬರೆದ ವಾಕ್ಯವನ್ನೇ ನಾನೂ ಹೇಳಿದೆ. “ಸಿಸ್ಟರ್, ಲಾಗ್‌ನಲ್ಲಿ ಹನ್ನೆರಡು ಅಂತ ಉಂಟಲ್ಲ.”

“ಲಾಗ್ ಅಂದ್ರೆ ಎಂತ? ಅದನ್ನು ಬರೆಯುದು ಯಾರು?”

“ಯಾರೂ ಅಲ್ಲ. ಸಾಫ್ಟ್‌ವೇರೇ ಬರೆದಿಡ್ತದೆ.”

“ಹಾಗಾದ್ರೆ ಅದು ನಿಮ್ಮ ಕಡೆಯವರೇ ಅಲ್ವಾ ಮೇಡಂ?”

ಅವರ ಧ್ವನಿಯಲ್ಲಿ ಕುಹಕ ಇರಲಿಲ್ಲ. ನಿಜವಾಗಿಯೂ ಕೇಳಿದ್ದರು. ನಾನು ನೋಡಿ ಹೇಳ್ತೇನೆ ಎಂದು ಫೋನ್ ಇಟ್ಟೆ. ನನ್ನನ್ನು ಹೆತ್ತ ಉಮ್ಮನಿಗೆ ದಿನಕ್ಕೆ ಎರಡು ಹೊತ್ತು ಇನ್ಸುಲಿನ್. ಒಮ್ಮೆ ತಾನು ತೆಗೆದುಕೊಂಡದ್ದನ್ನು ಮರೆತು ಇನ್ನೊಮ್ಮೆ ತೆಗೆದುಕೊಂಡಿದ್ದರು. ಅಡುಗೆಮನೆಯ ನೆಲದಲ್ಲಿ ಕೂತು, ಬೆವರಿ, ನಡುಗುತ್ತ, ನನ್ನ ಹೆಸರು ಕರೆಯಲು ಹೋಗಿ ಬೇರೆ ಯಾರದೋ ಹೆಸರು ಕರೆಯುತ್ತಿದ್ದರು. ಸಕ್ಕರೆ ನೀರು ಕುಡಿಸಿದ ಮೇಲೆ ಸುಧಾರಿಸಿಕೊಂಡರು. ಹದಿನಾಲ್ಕನೇ ಬೆಡ್ಡಿನವರ ವಯಸ್ಸು ಉಮ್ಮನ ವಯಸ್ಸಿಗಿಂತ ಹತ್ತು ವರ್ಷ ಹೆಚ್ಚು.

ಕೋಡ್ ತೆರೆದೆ. ಲಾಗ್ ಬರೆಯುವ ಸಾಲು ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಫಾರ್ಮಿನ ಬಟನ್ ಒತ್ತಿದಾಗ, ಫಾರ್ಮ್ ತನ್ನೊಳಗೆ ಯಾವ ರೋಗಿಯನ್ನು ಇಟ್ಟುಕೊಂಡಿದೆಯೋ ಆ ರೋಗಿಯ ಸಂಖ್ಯೆ ಲಾಗಿಗೆ ಹೋಗುತ್ತದೆ. ಪರದೆಯ ಮೇಲ್ಗಡೆ ನರ್ಸ್‌ಗೆ ಯಾವ ಹೆಸರು ಕಾಣುತ್ತಿತ್ತು ಎಂಬುದನ್ನು ಲಾಗ್ ನೋಡುವುದೇ ಇಲ್ಲ. ಫಾರ್ಮ್ ಒಂದು ಹೇಳಿ, ಮೇಲಿನ ಹೆಸರು ಇನ್ನೊಂದು ಹೇಳಿದ್ದರೆ ಲಾಗ್ ಫಾರ್ಮಿನ ಮಾತನ್ನೇ ಬರೆದಿಡುತ್ತದೆ. ಆ ಲಾಗನ್ನು ತೋರಿಸಿ ನಾವು ಒಬ್ಬರ ಮೇಲೆ ತಪ್ಪು ಹೊರಿಸಿದ್ದೆವು.

ಮತ್ತೆ, ಫಾರ್ಮ್ ತನ್ನೊಳಗೆ ಬೇರೊಬ್ಬ ರೋಗಿಯನ್ನು ಇಟ್ಟುಕೊಂಡಿರುವುದು ಸಾಧ್ಯವೇ? ಸಾಧ್ಯ ಇತ್ತು. ಫಾರ್ಮ್ ತೆರೆದ ಕ್ಷಣದಲ್ಲಿ ಆಯ್ಕೆಯಾಗಿದ್ದ ರೋಗಿಯ ಒಂದು ಪ್ರತಿಯನ್ನು ಅದು ತನ್ನ ಸ್ವಂತ ಸ್ಟೇಟ್‌ಗೆ ನಕಲು ಮಾಡಿಕೊಳ್ಳುತ್ತಿತ್ತು. ಆಮೇಲೆ ಹೊರಗೆ ಏನೇ ಬದಲಾದರೂ ಅದಕ್ಕೆ ಗೊತ್ತಾಗುತ್ತಿರಲಿಲ್ಲ. ಯಾವ ಪುಣ್ಯಾತ್ಮ ಹೀಗೆ ಬರೆದ ಎಂದು ಹಲ್ಲು ಕಚ್ಚಿ, ಯಾವ ಸಾಲನ್ನು ಯಾರು ಬರೆದರೆಂದು ತೋರಿಸುವ ಆಜ್ಞೆ ಕೊಟ್ಟೆ. ನನ್ನ ಹೆಸರು ಬಂತು. ಎರಡು ವರ್ಷ ಹಿಂದಿನದು.

ಯಾಕೆ ಬರೆದಿದ್ದೆ ಎಂಬುದೂ ನೆನಪಾಯಿತು. ಆಗ ಬೆಡ್ಡುಗಳ ಪಟ್ಟಿ ಅರ್ಧ ನಿಮಿಷಕ್ಕೊಮ್ಮೆ ಸರ್ವರಿನಿಂದ ಹೊಸದಾಗಿ ಬರುತ್ತಿತ್ತು. ಬಂದಾಗಲೆಲ್ಲ ಫಾರ್ಮ್ ಖಾಲಿಯಾಗಿ, ನರ್ಸ್‌ಗಳು ಟೈಪ್ ಮಾಡುತ್ತಿದ್ದ ಅಂಕಿ ಮಾಯವಾಗುತ್ತಿತ್ತು. ದೂರು ಬಂತು. ಒಂದು ಪ್ರತಿ ಮಾಡಿ ಫಾರ್ಮಿನೊಳಗೆ ಇಟ್ಟುಬಿಟ್ಟರೆ ಆಯಿತಲ್ಲ ಎಂದು ಒಂದು ಸಾಲು ಬರೆದೆ. ಲೀಡ್ ಐದು ನಿಮಿಷದಲ್ಲಿ ಒಪ್ಪಿಗೆ ಕೊಟ್ಟಿದ್ದರು. ದೂರು ನಿಂತಿತು. ಎಲ್ಲರೂ ಖುಷಿ.

ಆದರೂ ಒಂದು ಪ್ರಶ್ನೆ ಉಳಿಯಿತು. ಪಟ್ಟಿಯಿಂದ ಬೇರೆ ಬೆಡ್ ಆರಿಸಿದರೆ ಫಾರ್ಮ್ ಮುಚ್ಚಿಹೋಗುವಂತೆ ಅಂದೇ ಮಾಡಿದ್ದೆ. ಹಾಗಾದರೆ ಹನ್ನೆರಡರ ಫಾರ್ಮ್ ತೆರೆದೇ ಇರುವಾಗ ಮೇಲೆ ಹದಿನಾಲ್ಕರ ಹೆಸರು ಬರುವುದು ಹೇಗೆ? ಆಫೀಸಿನಲ್ಲಿ ಒಂದೂವರೆ ದಿನ ಪ್ರಯತ್ನಿಸಿದೆ. ಪಟ್ಟಿ ಒತ್ತಿದೆ, ಹಿಂದೆ ಹೋದೆ, ಮುಂದೆ ಬಂದೆ, ನೆಟ್‌ವರ್ಕ್ ಕಡಿದು ಜೋಡಿಸಿದೆ. ಒಂದು ಸಲವೂ ತಪ್ಪಲಿಲ್ಲ.

ಲೀಡ್ ನನ್ನ ಕುರ್ಚಿಯ ಹಿಂದೆ ನಿಂತು ನೋಡಿದರು. “ಎಂತ ಮಾರಾಯ್ತಿ, ಇನ್ನೂ ಅದೇ? ಟೈಪ್ ಚೆಕ್ ಎಲ್ಲ ಪಾಸ್ ಉಂಟು, ಟೆಸ್ಟ್ ಎಲ್ಲ ಪಾಸ್ ಉಂಟು. ಸುಮ್ಮನೆ ಮಂಡೆಬೆಚ್ಚ ಮಾಡ್ಕೊಳ್ಬೇಡ.”

“ಫಾರ್ಮಿನಲ್ಲಿ ಹಳೇ ಪ್ರತಿ ಉಳಿಯುವ ಚಾನ್ಸ್ ಉಂಟು.”

“ಚಾನ್ಸ್ ಎಲ್ಲದಕ್ಕೂ ಉಂಟು. ತೋರಿಸು, ನೋಡುವ.”

ಟೈಪ್ ಚೆಕ್ ಪಾಸ್ ಎಂಬ ಮಾತು ನನಗೆ ಕೆಟ್ಟದಾಗಿ ಚುಚ್ಚಿತು. ನಾವು ಬರೆಯುವುದು ಟೈಪ್‌ಸ್ಕ್ರಿಪ್ಟ್‌ನಲ್ಲಿ. ಪ್ರತಿಯೊಂದು ಮಾಹಿತಿಯೂ ಯಾವ ಬಗೆಯದೆಂದು ಮೊದಲೇ ಘೋಷಿಸಿರಬೇಕು. ತಪ್ಪು ಬಗೆಯದು ತಪ್ಪು ಜಾಗಕ್ಕೆ ಹೋದರೆ, ಕೋಡನ್ನು ತಪಾಸಣೆ ಮಾಡುವ ಕಂಪೈಲರ್ ಕೆಂಪು ಗೆರೆ ಎಳೆಯುತ್ತದೆ. ಆದರೆ ಹನ್ನೆರಡರವರೂ ರೋಗಿಯೇ, ಹದಿನಾಲ್ಕರವರೂ ರೋಗಿಯೇ. ಹಳೆಯ ಪ್ರತಿಯೂ ಹೊಸ ಪ್ರತಿಯೂ ಒಂದೇ ಬಗೆ. ಕಂಪೈಲರ್ ಕೇಳಿದ್ದು ಅಷ್ಟೇ. ಅದು ಹೌದೆಂದ ಮೇಲೆ ನಾವೆಲ್ಲ ಕೇಳುವುದನ್ನು ಬಿಟ್ಟಿದ್ದೆವು.

ಮರುದಿನ ಬೆಳಿಗ್ಗೆ ಬಸ್ಸು ಹತ್ತಿ ಆಸ್ಪತ್ರೆಗೇ ಹೊರಟೆ. ನಂತೂರಿನಲ್ಲಿ ಲಾರಿಗಳ ಸಾಲಿನ ಹಿಂದೆ ಅರ್ಧ ಗಂಟೆ ನಿಂತು, ನರ್ಸಿಂಗ್ ಸೂಪರಿಂಟೆಂಡೆಂಟ್ ಮುಂದೆ ಹೋಗುವಾಗ ಹತ್ತೂವರೆ. ವಾರ್ಡಿನ ಟ್ಯಾಬ್ ಒಂದನ್ನು ಒಂದು ಗಂಟೆಗೆ ಕೊಡಿ, ತರಬೇತಿಗೆಂದು ಇಟ್ಟಿರುವ ಸುಳ್ಳು ರೋಗಿಗಳನ್ನು ಮಾತ್ರ ಮುಟ್ಟುತ್ತೇನೆ ಎಂದು ಕೇಳಿಕೊಂಡೆ. ಅವರು ಕನ್ನಡಕದ ಮೇಲಿಂದ ನೋಡಿದರು. “ದೋಷ ಇಲ್ಲ ಅಂತ ನಿಮ್ಮವರೇ ಬರೆದು ಕೊಟ್ಟಿದ್ದಾರಲ್ಲ? ಮತ್ತೆ ಎಂತ ನೋಡ್ಲಿಕ್ಕೆ ಉಂಟು?” ಹಾಗೆ ಕೇಳಿದರೂ ಟ್ಯಾಬ್ ಮಾತ್ರ ಕೊಟ್ಟರು.

ಗಾಜ್ ಬಟ್ಟೆಯ ಕೋಣೆ ನೆಲಮಹಡಿಯ ಕೊನೆಯಲ್ಲಿ. ಒಂದೇ ಕಿಟಕಿ, ಉದ್ದದ ಮೇಜು, ಮೇಜಿನ ತುಂಬ ಬಿಳಿ ಚೌಕಗಳು. ಆ ನರ್ಸ್ ನಿಂತುಕೊಂಡೇ ಮಡಚುತ್ತಿದ್ದರು. ನಲವತ್ತೈದು ದಾಟಿದ, ಗಟ್ಟಿ ಮೈಕಟ್ಟಿನ ಹೆಂಗಸು. ನಾನು ಸ್ಟೂಲ್ ಎಳೆದುಕೊಟ್ಟರೂ ಕೂರಲಿಲ್ಲ.

“ಅವತ್ತು ಮಾಡಿದ್ದನ್ನೇ ಮಾಡಿ ತೋರಿಸ್ತೀರಾ ಸಿಸ್ಟರ್? ನಾನು ಎಂತದೂ ಹೇಳುದಿಲ್ಲ, ನೋಡ್ತೇನೆ.”

ಅವರು ಕೈ ಒರೆಸಿಕೊಂಡು ಟ್ಯಾಬ್ ಹಿಡಿದರು. ನಾನು ಫೋನಿನಲ್ಲಿ ವಿಡಿಯೊ ಶುರು ಮಾಡಿದೆ. ಮೊದಲ ಸುಳ್ಳು ರೋಗಿಯನ್ನು ಆರಿಸಿ ಡೋಸ್ ಫಾರ್ಮ್ ತೆರೆದರು. “ಹನ್ನೆರಡರವರಿಗೆ ಕೊಡ್ಬೇಕು ಅಂತ ತೆರೆದದ್ದು. ಅಷ್ಟೊತ್ತಿಗೆ ಅವರನ್ನು ಎಕ್ಸ್‌ರೇಗೆ ಕರ್ಕೊಂಡು ಹೋದ್ರು. ಬಂದ ಮೇಲೆ ಕೊಡುವ ಅಂತ ಹಾಗೇ ಬಿಟ್ಟೆ. ಅವರು ಬರುವ ಮೊದಲೇ ನನ್ನ ಡ್ಯೂಟಿ ಮುಗಿದಿತ್ತು.” ಅಷ್ಟರಲ್ಲಿ ಪರದೆಯ ತುದಿಯಲ್ಲಿ ಹಳದಿ ಅಲರ್ಟ್ ಮಿನುಗಿತು: ಎರಡನೇ ಸುಳ್ಳು ರೋಗಿಯ ಡೋಸ್ ಬಾಕಿ. “ಹಾಂ, ಹೀಗೇ ಬಂದದ್ದು,” ಎನ್ನುತ್ತ ಅದರ ಮೇಲೆ ಬೆರಳು ಒತ್ತಿದರು.

ಮೇಲಿನ ಹೆಸರು ಬದಲಾಯಿತು. ಚಾರ್ಟ್ ಬದಲಾಯಿತು. ಪಟ್ಟಿಯಲ್ಲಿ ಎರಡನೆಯವರ ಸಾಲು ನೀಲಿಯಾಯಿತು. ಫಾರ್ಮ್ ಮಾತ್ರ ಅಲುಗಾಡಲಿಲ್ಲ. ಅದರ ಮೇಲೆ ಯಾರ ಹೆಸರೂ ಇರಲಿಲ್ಲ. ಔಷಧದ ಹೆಸರು, ಯೂನಿಟ್ ಬರೆಯುವ ಚೌಕ, ಬಟನ್, ಅಷ್ಟೇ. ಇಬ್ಬರಿಗೂ ಇದ್ದದ್ದು ಅದೇ ಇನ್ಸುಲಿನ್. ಅವರು ಹತ್ತು ಎಂದು ಬರೆದು ಬಟನ್ ಒತ್ತಿದರು. ನಾನು ಮೊದಲನೆಯವರ ಚಾರ್ಟ್ ತೆರೆದೆ. ಹತ್ತು ಯೂನಿಟ್ ಅಲ್ಲಿ ಕೂತಿತ್ತು.

ಅವರು ಟ್ಯಾಬನ್ನು ಮೇಜಿನ ಮೇಲೆ ಇಟ್ಟು, ನಿಧಾನಕ್ಕೆ ಸ್ಟೂಲಿನ ಮೇಲೆ ಕೂತರು.

ಆಫೀಸಿನಲ್ಲಿ ಯಾಕೆ ಬರಲಿಲ್ಲ ಎಂಬುದು ಆಗ ತಿಳಿಯಿತು. ನಮ್ಮ ಪರೀಕ್ಷೆಯ ಸರ್ವರಿನಲ್ಲಿ ರೋಗಿಗಳೆಲ್ಲ ಹಳೆಯ ದಿನಾಂಕದವರು. ಅವರಿಗೆ ಯಾವ ಡೋಸೂ ಬಾಕಿ ಬೀಳುವುದಿಲ್ಲ, ಅಲರ್ಟ್ ಹೊಡೆಯುವುದೇ ಇಲ್ಲ. ಅಲರ್ಟಿನ ತುಂಡನ್ನು ಬರೆದದ್ದು ಲೀಡ್, ನನ್ನ ಫಾರ್ಮ್ ಬಂದ ಆರು ತಿಂಗಳ ನಂತರ. ಅದು ಪಟ್ಟಿಯನ್ನು ದಾಟಿ, ನೇರವಾಗಿ ಎಲ್ಲ ತುಂಡುಗಳೂ ಹಂಚಿಕೊಳ್ಳುವ, ಸ್ಟೋರ್ ಎಂಬ ಮಾಹಿತಿಯ ಉಗ್ರಾಣಕ್ಕೆ ಕೈ ಹಾಕಿ ರೋಗಿಯನ್ನು ಬದಲಿಸುತ್ತಿತ್ತು. ಫಾರ್ಮನ್ನು ಮುಚ್ಚಬೇಕೆಂದು ಅದಕ್ಕೆ ಗೊತ್ತಿರಲಿಲ್ಲ. ಅದಕ್ಕಿಂತ ಅಸಹ್ಯ, ಸರ್ವರಿನಿಂದ ಬಂದ ಅಲರ್ಟಿನ ಮಾಹಿತಿಗೆ ಅವರು ಕೊಟ್ಟಿದ್ದ ಟೈಪ್ ‘ಎನಿ’. ಅಂದರೆ ಇದು ಏನಾದರೂ ಆಗಿರಲಿ, ಕೇಳಬೇಡ ಎಂದು ಕಂಪೈಲರಿನ ಬಾಯಿ ಕಟ್ಟುವ ಪದ. ನನ್ನ ಪ್ರತಿ, ಅವರ ಅಲರ್ಟ್. ಎರಡರಲ್ಲಿ ಒಂದು ಇಲ್ಲದಿದ್ದರೂ ಆ ದಿನ ಏನೂ ಆಗುತ್ತಿರಲಿಲ್ಲ.

ಮಧ್ಯಾಹ್ನ ಆಫೀಸಿಗೆ ಬಂದು ಲೀಡ್ ಮುಂದೆ ವಿಡಿಯೊ ಇಟ್ಟೆ. ಎರಡು ಸಲ ನೋಡಿದರು. ಮುಖ ಬಿಳಿಚಿದ್ದು ನನಗೆ ಕಂಡಿತು. ಆ ಒಂದು ನಿಮಿಷ ಅವರ ಮೇಲೆ ನನಗೆ ಸಿಟ್ಟಿರಲಿಲ್ಲ.

“ಸರಿ. ಫಿಕ್ಸ್ ಮಾಡು. ಮುಂದಿನ ರಿಲೀಸಿನಲ್ಲಿ ಹಾಕುವ.”

“ಆಸ್ಪತ್ರೆಗೆ ಮೇಲ್?”

“ಮೇಲ್ ಎಲ್ಲ ಎಂತಕ್ಕೆ? ‘ಸಣ್ಣಪುಟ್ಟ ಸುಧಾರಣೆ’ ಅಂತ ಹಾಕಿದ್ರೆ ಆಯ್ತು. ಉಡುಪಿಯ ಆಸ್ಪತ್ರೆಯವರಿಗೆ ಮುಂದಿನ ವಾರ ಡೆಮೊ ಉಂಟು, ಗೊತ್ತುಂಟಲ್ಲ ನಿನಗೆ?”

“ಸಿಸ್ಟರ್‌ನ ಮೆಮೊ?”

“ಅದು ಅವರ ಆಫೀಸಿನ ವಿಷಯ ಮಾರಾಯ್ತಿ. ನಾವು ಹೇಳಿದ್ದು ಲಾಗಿನಲ್ಲಿ ಇದ್ದದ್ದನ್ನು.”

ನಾನು ಎದ್ದು ನನ್ನ ಕುರ್ಚಿಗೆ ಬಂದೆ. ಕೀಬೋರ್ಡಿನಲ್ಲಿ ತಪ್ಪು ಅಕ್ಷರಗಳೇ ಬೀಳುತ್ತಿದ್ದವು. ಮೊದಲು ಇದನ್ನು ಸರಿಮಾಡಿ ಆಮೇಲೆ ಜಗಳ ಮಾಡೋಣ ಎಂದುಕೊಂಡೆ. ಸಿಟ್ಟಿನಲ್ಲಿ ಕೋಡ್ ಬರೆಯಬಾರದು. ಬರೆದೆ.

ಎಲ್ಲರಿಗೂ ಮೊದಲು ಹೊಳೆಯುವ ಉಪಾಯವೇ ನನಗೂ ಹೊಳೆಯಿತು: ಹೊರಗಿನ ಆಯ್ಕೆ ಬದಲಾದಾಗಲೆಲ್ಲ ಫಾರ್ಮಿನ ಪ್ರತಿಯನ್ನೂ ಬದಲಿಸುವುದು. ಮೂರು ಸಾಲಿನ ಕೆಲಸ. ನಮ್ಮ ಸರ್ವರಿನ ರೋಗಿಗಳ ದಿನಾಂಕವನ್ನು ಇವತ್ತಿಗೆ ಬದಲಿಸಿ, ಅಲರ್ಟ್ ಬರುವಂತೆ ಮಾಡಿ ಪರೀಕ್ಷಿಸಿದೆ. ಹನ್ನೆರಡಕ್ಕೆಂದು ಹತ್ತು ಯೂನಿಟ್ ಬರೆದು, ಹದಿನಾಲ್ಕರ ಅಲರ್ಟ್ ಒತ್ತಿದೆ. ಫಾರ್ಮ್ ಈಗ ಹದಿನಾಲ್ಕರದ್ದಾಯಿತು, ಆದರೆ ಹನ್ನೆರಡಕ್ಕೆಂದು ಬರೆದ ಹತ್ತು ಹಾಗೇ ಉಳಿಯಿತು. ಬಟನ್ ಒತ್ತಲು ತಯಾರಾಗಿ. ಇದು ಮೊದಲಿನದಕ್ಕಿಂತ ಭಯಂಕರ. ಹಾಗಾದರೆ ಬದಲಾದಾಗಲೆಲ್ಲ ಚೌಕ ಖಾಲಿ ಮಾಡೋಣ ಎಂದು ಇನ್ನೆರಡು ಸಾಲು ಸೇರಿಸಿದೆ. ಅರ್ಧ ನಿಮಿಷಕ್ಕೆ ಪಟ್ಟಿ ಹೊಸದಾಗಿ ಬಂತು, ಅದೇ ರೋಗಿ ಹೊಸ ರೂಪದಲ್ಲಿ ಬಂದರು, ಫಾರ್ಮ್ ಅದನ್ನೂ ಬದಲಾವಣೆ ಎಂದುಕೊಂಡು ನಾನು ಟೈಪ್ ಮಾಡುತ್ತಿದ್ದುದನ್ನು ಅಳಿಸಿಹಾಕಿತು. ಎರಡು ವರ್ಷ ಹಿಂದಿನ ಅದೇ ದೂರು. ಯಾವುದರಿಂದ ತಪ್ಪಿಸಿಕೊಳ್ಳಲು ಪ್ರತಿ ಮಾಡಿದ್ದೆನೋ ಅಲ್ಲಿಗೇ ಬಂದು ನಿಂತಿದ್ದೆ.

ನಾಲ್ಕು ದಿನ ಹೀಗೆ ಹೋಯಿತು. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಉಬ್ಬುತ್ತಿತ್ತು. ಐದನೇ ದಿನ ಬೆಳಿಗ್ಗೆ ಬರೆದದ್ದೆಲ್ಲ ಅಳಿಸಿದೆ. ಒಂದು ಹಾಳೆಯಲ್ಲಿ, ‘ಈಗ ಯಾವ ರೋಗಿ’ ಎಂಬ ಮಾಹಿತಿ ನಮ್ಮ ಕೋಡಿನಲ್ಲಿ ಎಲ್ಲೆಲ್ಲಿ ಉಂಟು ಎಂದು ಪಟ್ಟಿ ಮಾಡಿದೆ. ಏಳು ಕಡೆ ಇತ್ತು. ಏಳು ಪ್ರತಿ. ಏಳನ್ನೂ ಒಂದೇ ತಾಳಕ್ಕೆ ಕುಣಿಸಲು ನಾನು ಹೊರಟಿದ್ದೆ. ಕುಣಿಸುವುದಲ್ಲ, ಆರನ್ನು ಕಿತ್ತೆಸೆಯಬೇಕು ಎಂದು ನನಗೆ ಅರ್ಥವಾದದ್ದು ಆ ಹಾಳೆಯನ್ನು ನೋಡಿದ ಮೇಲೆ.

ಅದೇ ಹೊತ್ತಿಗೆ ಇನ್ನೊಂದೂ ತೀರ್ಮಾನವಾಯಿತು. ‘ಸಣ್ಣಪುಟ್ಟ ಸುಧಾರಣೆ’ ಎಂದು ಬರೆದು ಈ ಕೆಲಸ ಮುಗಿಸಲು ನನ್ನಿಂದ ಸಾಧ್ಯವಿಲ್ಲ. ದೋಷವನ್ನು ಸದ್ದಿಲ್ಲದೆ ತೆಗೆದರೆ ಅದು ಯಾವತ್ತೂ ಇರಲೇ ಇಲ್ಲ ಎಂದಾಗುತ್ತದೆ. ಇರಲೇ ಇಲ್ಲದ ದೋಷಕ್ಕೆ ಹೊಣೆ ಯಾರು? ಗಾಜ್ ಬಟ್ಟೆಯ ಕೋಣೆಯಲ್ಲಿ ನಿಂತಿರುವವರು.

ನರ್ಸಿಂಗ್ ಸೂಪರಿಂಟೆಂಡೆಂಟ್‌ಗೆ ಮೇಲ್ ಬರೆದೆ. ವಿಡಿಯೊ ಜೋಡಿಸಿದೆ. ‘ನಮ್ಮ ಹಿಂದಿನ ಉತ್ತರ ತಪ್ಪು. ನರ್ಸ್ ಹದಿನಾಲ್ಕನೇ ಬೆಡ್ಡನ್ನೇ ಆರಿಸಿದ್ದರು. ಫಾರ್ಮ್ ಹಳೆಯ ರೋಗಿಯನ್ನು ಹಿಡಿದುಕೊಂಡಿತ್ತು. ಆ ಸಾಲು ಬರೆದವಳು ನಾನು. ಸರಿಯಾಗುವವರೆಗೆ ಅಲರ್ಟ್ ಒತ್ತಿ ರೋಗಿಯನ್ನು ಬದಲಿಸಬೇಡಿ, ಇನ್ಸುಲಿನ್ ಡೋಸುಗಳನ್ನು ಕಾಗದದಲ್ಲೂ ಬರೆದಿಡಿ.’ ಲೀಡ್‌ಗೂ ಕಂಪನಿಯ ಮಾಲೀಕರಿಗೂ ಪ್ರತಿ ಹಾಕಿ ಕಳಿಸಿದೆ. ಯಾರನ್ನೂ ಕೇಳಲಿಲ್ಲ.

ಹತ್ತು ನಿಮಿಷಕ್ಕೆ ಲೀಡ್ ಬಂದರು. ಆಫೀಸಿನವರೆಲ್ಲ ಕೇಳುವಂತೆ, “ಎಂತ ಸಾವು ಮಾರಾಯ್ತಿ ಇದು? ಕಂಪನಿಯ ಮರ್ಯಾದೆ ತೆಗಿಲಿಕ್ಕೆ ಕೂತಿದ್ದೀಯಾ?” ಎಂದರು.

“ಸಿಸ್ಟರ್‌ಗೆ ಮರ್ಯಾದೆ ಇಲ್ವಾ?”

“ಅವರ ಕೆಲಸ ಎಂತ ಹೋಗಿಲ್ಲವಲ್ಲ!”

“ನಿಮ್ಮನ್ನು ನಾಳೆಯಿಂದ ಪ್ರಿಂಟರಿಗೆ ಕಾಗದ ಹಾಕುವ ಕೆಲಸಕ್ಕೆ ಕೂರಿಸಿ, ಕೆಲಸ ಹೋಗಿಲ್ಲವಲ್ಲ ಅಂತ ಹೇಳ್ತೇನೆ. ಆಗ್ತದಾ?”

ನಾನು ಅಷ್ಟು ಜೋರಾಗಿ ಮಾತಾಡಿದ್ದು ನನಗೇ ಹೊಸದು. ಮನೆಯಲ್ಲಿ ಉಮ್ಮ ಕೇಳಿಸಿಕೊಂಡಿದ್ದರೆ ಬೈಯುತ್ತಿದ್ದರು. ಲೀಡ್ ತಿರುಗಿ ತಮ್ಮ ಕುರ್ಚಿಗೆ ಹೋದರು. ಮುಂದೆ ಹತ್ತು ದಿನ ನಾವಿಬ್ಬರೂ ಮಾತಾಡಲಿಲ್ಲ.

ಮಾಲೀಕರು ಸಂಜೆ ಕರೆಸಿದರು. ಮೇಜಿನ ಮೇಲೆ ನನ್ನ ಮೇಲ್ ಪ್ರಿಂಟ್ ಆಗಿ ಬಿದ್ದಿತ್ತು.

“ಕಳಿಸುವ ಮೊದಲು ನನ್ನ ಹತ್ರ ಒಂದು ಮಾತು ಹೇಳ್ಬಹುದಿತ್ತಲ್ಲ?”

“ಹೇಳಿದ್ರೆ ಬೇಡ ಅಂತಿದ್ರಿ ಸರ್.”

ಅವರು ಕಿಟಕಿಯ ಹೊರಗೆ ನೋಡಿದರು. “ಹೌದು. ಅಂತಿದ್ದೆ.” ಆಮೇಲೆ, “ಎಷ್ಟು ದಿನ ಬೇಕು?” ಎಂದರು.

“ಎರಡು ವಾರ. ಬೇರೆ ಎಂತದೂ ಮುಟ್ಟುದಿಲ್ಲ.”

“ಉಡುಪಿಯ ಡೆಮೊ ಮುಂದೆ ಹಾಕ್ತೇನೆ. ಎರಡು ವಾರ ಅಂದ್ರೆ ಎರಡೇ ವಾರ, ಆಯ್ತಾ?”

ಕೆಲಸ ಶುರುವಾಯಿತು. ಸ್ಟೋರಿನಲ್ಲಿ ರೋಗಿಯ ಹೆಸರು, ವಯಸ್ಸು, ಬೆಡ್ ಯಾವುದನ್ನೂ ಇಡಲಿಲ್ಲ. ಆಯ್ಕೆಯಾದ ರೋಗಿಯ ಸಂಖ್ಯೆ ಒಂದನ್ನೇ ಇಟ್ಟೆ. ಹೆಸರು ತೋರಿಸುವ ತುಂಡು, ಚಾರ್ಟ್ ತೋರಿಸುವ ತುಂಡು, ಫಾರ್ಮ್ ಎಲ್ಲವೂ ಬೇಕಾದಾಗಲೆಲ್ಲ ಆ ಸಂಖ್ಯೆ ಹಿಡಿದು ಒಂದೇ ಜಾಗದಿಂದ ಮಾಹಿತಿ ಕೇಳಬೇಕು, ಯಾವುದೂ ತನ್ನೊಳಗೆ ಇಟ್ಟುಕೊಳ್ಳುವಂತಿಲ್ಲ. ಯಾರನ್ನೂ ಆರಿಸದ ಸ್ಥಿತಿ ಒಂದು, ಆರಿಸಿದ ಸ್ಥಿತಿ ಇನ್ನೊಂದು ಎಂದು ಟೈಪಿನಲ್ಲೇ ಬೇರೆ ಮಾಡಿದೆ. ಆರಿಸಿದ ಸ್ಥಿತಿಯಲ್ಲಿ ಮಾತ್ರ ಸಂಖ್ಯೆ ಇರುತ್ತದೆ, ಆ ಸಂಖ್ಯೆ ಇಲ್ಲದೆ ಫಾರ್ಮ್ ತೆರೆಯಲು ಹೋದರೆ ಕಂಪೈಲರ್ ಬಿಡುವುದಿಲ್ಲ. ಅರ್ಧ ಬರೆದ ಡೋಸುಗಳನ್ನು ಆಯಾ ರೋಗಿಯ ಸಂಖ್ಯೆಯ ಕೆಳಗೆ ಬೇರೆಬೇರೆಯಾಗಿ ಇಟ್ಟೆ. ಹನ್ನೆರಡಕ್ಕೆ ಬರೆದದ್ದು ಹದಿನಾಲ್ಕರ ಚೌಕದಲ್ಲಿ ಕಾಣುವ ದಾರಿಯೇ ಇರಬಾರದು. ಪಟ್ಟಿ ಹೊಸದಾಗಿ ಬಂದರೂ ಸಂಖ್ಯೆ ಅದೇ ಆದ್ದರಿಂದ ಏನೂ ಅಳಿಯುವುದಿಲ್ಲ. ಬಟನ್ನಿನ ಮೇಲೆಯೇ ರೋಗಿಯ ಹೆಸರು ಮತ್ತು ಬೆಡ್ ಬರುವಂತೆ ಮಾಡಿದೆ.

ಆಮೇಲೆ ‘ಎನಿ’ಗಳನ್ನು ಕೀಳಲು ಕೂತೆ. ಮೊದಲ ದಿನ ಪರದೆ ಪೂರ್ತಿ ಕೆಂಪು. ನನ್ನವೂ ಇದ್ದವು, ಲೀಡ್‌ನವೂ ಇದ್ದವು, ಕೆಲಸ ಬಿಟ್ಟು ಹೋದವರದ್ದೂ ಇದ್ದವು. ಪ್ರತಿಯೊಂದರ ಹಿಂದೆಯೂ ಯಾರೋ ಒಬ್ಬರು, ಇವತ್ತಿಗೆ ಇದು ಸಾಕು ಎಂದುಕೊಂಡು ಮನೆಗೆ ಹೋಗಿದ್ದರು. ನಮ್ಮಲ್ಲಿ ರೋಗಿಯ ಸಂಖ್ಯೆಯೂ ಬೆಡ್ಡಿನ ಸಂಖ್ಯೆಯೂ ಬರೀ ಅಕ್ಷರಸರಣಿ. ಒಂದರ ಜಾಗದಲ್ಲಿ ಇನ್ನೊಂದನ್ನು ಕೊಟ್ಟರೂ ಕಂಪೈಲರ್ ತೆಪ್ಪಗಿರುತ್ತಿತ್ತು. ಎರಡನ್ನೂ ಬೇರೆ ಬೇರೆ ಟೈಪ್ ಮಾಡಿದ ತಕ್ಷಣ ಅಲರ್ಟಿನ ಫೈಲಿನಲ್ಲಿ ಹೊಸ ಕೆಂಪು ಗೆರೆ ಎದ್ದಿತು. ರೋಗಿಯ ಸಂಖ್ಯೆ ಕೇಳುವ ಜಾಗಕ್ಕೆ ಬೆಡ್ಡಿನ ಸಂಖ್ಯೆ ಹೋಗುತ್ತಿತ್ತು. ಹುಡುಕಿ ನೋಡಿದರೆ, ರೋಗಿಯನ್ನು ಒಂದು ಬೆಡ್ಡಿನಿಂದ ಇನ್ನೊಂದಕ್ಕೆ ಬದಲಿಸಿದ ಮೇಲೆ ಅವರ ಅಲರ್ಟ್ ಹಳೆಯ ಬೆಡ್ಡಿನಲ್ಲೇ ಮಿನುಗುವ ಸಾಧ್ಯತೆ ಇತ್ತು. ಆ ಹಳೆಯ ಬೆಡ್ಡಿನಲ್ಲಿ ಅಷ್ಟರಲ್ಲಿ ಬೇರೊಬ್ಬರು ಮಲಗಿರುತ್ತಾರೆ. ಅದು ಇನ್ನೂ ಯಾರಿಗೂ ಆಗಿರಲಿಲ್ಲ, ಅಥವಾ ಆದದ್ದು ನಮಗೆ ಗೊತ್ತಾಗಿರಲಿಲ್ಲ. ಆ ದಿನ ಊಟದ ಡಬ್ಬಿ ತೆರೆಯದೆ ಹಾಗೇ ಮನೆಗೆ ತೆಗೆದುಕೊಂಡು ಹೋದೆ.

ಎರಡನೇ ವಾರದ ನಡುವೆ ಒಂದು ಬೆಳಿಗ್ಗೆ ಬಂದು ನೋಡಿದರೆ ಅಲರ್ಟಿನ ಫೈಲ್ ಸರಿಯಾಗಿತ್ತು. ಲೀಡ್ ತಾವೇ ಕೂತು ಪೂರ್ತಿ ಹೊಸದಾಗಿ ಬರೆದಿದ್ದರು, ಚೆನ್ನಾಗಿಯೇ ಬರೆದಿದ್ದರು. ಜೊತೆಗೆ ಬರೆಯಬೇಕಾದ ಟಿಪ್ಪಣಿಯಲ್ಲಿ ‘ಅಲರ್ಟ್ ಸರಿಪಡಿಸಲಾಗಿದೆ’ ಎಂದಿತ್ತು. ಕೆಡಿಸಿದ್ದು ಯಾರು ಎಂದು ಇರಲಿಲ್ಲ. ನಾನು ಒಪ್ಪಿಗೆ ಕೊಟ್ಟೆ. ಐದು ನಿಮಿಷದಲ್ಲಿ ಅಲ್ಲ. ಒಂದೊಂದೇ ಸಾಲು ಓದಿ, ಮಧ್ಯಾಹ್ನದವರೆಗೆ ಕೂತು, ಏಳು ಪ್ರಶ್ನೆ ಬರೆದು, ಏಳಕ್ಕೂ ಉತ್ತರ ಬಂದ ಮೇಲೆ.

ಮೆಮೊ ವಾಪಸು ಪಡೆದರೆಂದು ನರ್ಸ್ ಫೋನಿನಲ್ಲಿ ಹೇಳಿದರು. ಪತ್ರದಲ್ಲಿ ‘ತಾಂತ್ರಿಕ ಕಾರಣಗಳಿಂದ ಉಂಟಾದ ಗೊಂದಲ’ ಎಂದು ಬರೆದಿದ್ದರಂತೆ. ಕ್ಷಮೆ ಎಂಬ ಪದ ಇರಲಿಲ್ಲ. ಮುಂದಿನ ಸೋಮವಾರದಿಂದ ಅವರು ಮತ್ತೆ ವಾರ್ಡಿಗೆ.

ಹೊಸ ಆವೃತ್ತಿಯನ್ನು ವಾರ್ಡಿನ ಎಲ್ಲರಿಗೂ ಕೊಡುವ ಮೊದಲು ಅವರ ಕೈಗೆ ಕೊಡಬೇಕೆಂದು ನಾನೇ ಕೇಳಿಕೊಂಡಿದ್ದೆ. ಆ ಸೋಮವಾರ ಹತ್ತು ಗಂಟೆಗೆ, ರೌಂಡ್ಸ್ ಮುಗಿದ ಮೇಲೆ, ನರ್ಸ್‌ಗಳ ಮೇಜಿನ ಪಕ್ಕ ಕೂತೆವು. ಅವರ ಮುಖದಲ್ಲಿ ಗೆಲುವು ಇರಲಿಲ್ಲ. ನನಗೆ ಥ್ಯಾಂಕ್ಸ್ ಹೇಳಲಿಲ್ಲ. ಹೇಳಿದ್ದರೆ ನಾಚಿಕೆಯಾಗುತ್ತಿತ್ತು.

“ಒಂದು ಕೇಳ್ತೇನೆ ಮೇಡಂ,” ಎಂದರು. “ಅಷ್ಟು ದಿನ ಆ ಕೋಣೆಯಲ್ಲಿ ನಿಂತು ನನ್ನ ಈ ಬೆರಳನ್ನೇ ನೋಡ್ತಿದ್ದೆ. ಎಲ್ಲರೂ ಹೇಳಿ ಹೇಳಿ, ಒಂದುವೇಳೆ ನಾನೇ ಹನ್ನೆರಡು ಒತ್ತಿದೆನಾ ಅಂತ ನನಗೇ ಡೌಟ್ ಬಂದಿತ್ತು. ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನ ನನ್ನ ಮೇಲೆ ನನಗೆ ಡೌಟ್ ಬಂದದ್ದಿಲ್ಲ. ಅದನ್ನು ಎಂತ ಮಾಡುದು ಈಗ?”

ನಾನು ಕ್ಷಮಿಸಿ ಎಂದೆ. ಅದು ಅವರ ಪ್ರಶ್ನೆಗೆ ಉತ್ತರವಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

“ಕೊಡಿ ಇಲ್ಲಿ,” ಎಂದು ಟ್ಯಾಬ್ ಕಿತ್ತುಕೊಂಡರು. ಒಂದು ಗಂಟೆ ಅದರ ಮೇಲೆ ಸೇಡು ತೀರಿಸಿಕೊಳ್ಳುವಂತೆ ಒತ್ತಿದರು. ಸುಳ್ಳು ರೋಗಿಗಳನ್ನು ಬೆಡ್ಡಿನಿಂದ ಬೆಡ್ಡಿಗೆ ಹಾರಿಸಿದರು. ಅಲರ್ಟ್ ಬರುವವರೆಗೆ ಕಾದು, ಬಂದ ತಕ್ಷಣ ಒತ್ತಿದರು. ಅಂಕಿ ಅರ್ಧ ಬರೆದು ಬಿಟ್ಟು ಬೇರೆಡೆ ಹೋದರು. ಒಮ್ಮೆ ಟ್ಯಾಬನ್ನೇ ಆಫ್ ಮಾಡಿ ಮತ್ತೆ ಆನ್ ಮಾಡಿದರು. ನಾನು ಪೆನ್ನು ಹಿಡಿದು ಪಕ್ಕದಲ್ಲಿ ಕೂತಿದ್ದೆ, ಪರೀಕ್ಷೆಗೆ ಕೂತವಳಂತೆ. ಒಂದು ಕಡೆ ಸಿಕ್ಕಿಬಿದ್ದೆ: ಉದ್ದದ ಹೆಸರಿನ ರೋಗಿಯಾದರೆ ಬಟನ್ನಿನಲ್ಲಿ ಬೆಡ್ ಸಂಖ್ಯೆ ಕಾಣದೆ ಕತ್ತರಿಸಿ ಹೋಗುತ್ತಿತ್ತು. “ಇದು ಎಂತ? ಬೆಡ್ ನಂಬರ್ ಮೊದಲು ಬರ್ಬೇಕು, ಹೆಸರು ಆಮೇಲೆ,” ಎಂದು ಗದರಿದರು. ಬರೆದುಕೊಂಡೆ.

ಕೊನೆಗೆ ಮತ್ತೆ ಅದನ್ನೇ ಮಾಡಿದರು. ಒಬ್ಬರ ಫಾರ್ಮ್ ತೆರೆದು, ಹತ್ತು ಎಂದು ಬರೆದು, ಇನ್ನೊಬ್ಬರ ಅಲರ್ಟಿನ ಮೇಲೆ ಬೆರಳಿಟ್ಟರು. ಪರದೆ ತಡೆಯಿತು. ‘ಈ ರೋಗಿಯ ಡೋಸ್ ಅರ್ಧ ಬರೆದಿದೆ. ಹಾಗೇ ಬಿಟ್ಟು ಮುಂದೆ ಹೋಗಬೇಕೇ?’

ಅವರು ಅದನ್ನು ಎರಡು ಸಲ ಓದಿದರು. ಎರಡನೇ ಸಲ ತುಟಿ ಅಲ್ಲಾಡಿತು.

“ಹಾಂ. ಇದು ಒಂದು ಮಾತು ಕೇಳ್ತದೆ,” ಎಂದರು. “ಅವತ್ತು ಮೆಮೊ ಕೊಡುವ ಮೊದಲು ನನ್ನ ಹತ್ರ ಯಾರೂ ಕೇಳ್ಲಿಲ್ಲ ಮೇಡಂ. ನೀವೂ.”

ಒಳಗಿನಿಂದ ಯಾರೋ ಬೆಲ್ ಒತ್ತಿದರು. ಅವರು ಟ್ಯಾಬನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಎದ್ದು, ಬೆಡ್ಡುಗಳ ಕಡೆ ನಡೆದರು. ನಾನು ಬೆಡ್ ನಂಬರ್ ಮೊದಲು ಬರುವಂತೆ ಮಾಡಲು ಆಫೀಸಿಗೆ ಹೊರಟೆ.